ಸಣ್ಣ ಊರಿನ ದೊಡ್ಡ ಸದ್ದು

ಗಬ್ಬರ್ ಸಿಂಗ್ ಯಾವ ಊರಿನವನು? ಉತ್ತರದವರನ್ನು ಕೇಳಿದರೆ ಚಂಬಲ್ ಕಣಿವೆ ಅಂತಾರೆ. ನಮ್ಮ ಹುಡುಗರನ್ನು ಕೇಳಿ, ಎದೆ ತಟ್ಟಿಕೊಂಡು ಹೇಳ್ತಾರೆ... ರಾಮನಗರ! 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ರಾಮದೇವರ ಬೆಟ್ಟದ ಬಂಡೆಗಳ ಮಧ್ಯೆ ಕ್ಯಾಮೆರಾ ನಿಲ್ಲಿಸಿದರು. 1975ರ ಆಗಸ್ಟ್ 15ರಂದು 'ಶೋಲೆ' ತೆರೆಗೆ ಬಂತು. ಬೊಂಬಾಯಿಯವರು ನಮ್ಮ ಬಂಡೆ ತೋರಿಸಿ ದೇಶವನ್ನೇ ಗೆದ್ದರು, ಗಂಟುಮೂಟೆ ಕಟ್ಟಿಕೊಂಡು ಹೋದರು. ಬಂಡೆ ಮಾತ್ರ ಇಲ್ಲೇ ಉಳೀತು.

ಆ ಬಂಡೆಗೆ ಸರಿಸಾಟಿಯಾದ ಸದ್ದೊಂದು ನಮ್ಮೂರಿನಿಂದಲೇ ಏಕೆ ಏಳಬಾರದು? ಈ ವಾರದ ಪ್ರಶ್ನೆ ಅದು, ಮಿತ್ರರೇ.

ಪ್ರಶ್ನೆ ಎಲ್ಲಿಂದ ಬಂತು ಅಂತೀರಾ? ಚನ್ನಪಟ್ಟಣ, ರಾಮನಗರದಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಒಮ್ಮೆ ನಿಂತು ನೋಡಿ. ಕರಿ ಬಣ್ಣದ ಟೀ ಷರ್ಟು ಹಾಕಿದ ಒಬ್ಬ ಹುಡುಗ ಸಿಕ್ಕೇ ಸಿಗುತ್ತಾನೆ. ಎದೆಯ ಮೇಲೆ ಮುಳ್ಳುಬೇಲಿಯಂಥ ಅಕ್ಷರ, ಓದಿದವನೇ ಜಾಣ. ಕಿವಿಯೊಳಗೆ ಯಾರೋ ಗಂಟಲು ಹರಿದುಹೋಗುವ ಹಾಗೆ ಕಿರುಚುತ್ತಿದ್ದಾನೆ. ಪಕ್ಕದ ಯಜಮಾನರು 'ಏನಪ್ಪಾ ಇದು, ಹಾಡೋ ಜಗಳವೋ?' ಅಂತ ಮುಖ ಸಿಂಡರಿಸುತ್ತಾರೆ. ಹುಡುಗ ನಗುತ್ತಾನೆ. ಅವನು ಕೇಳುತ್ತಿರುವುದು ಮೆಟಲ್‌ಕೋರ್. ಅವನಿಗೆ ಗೊತ್ತು, ಯಜಮಾನರಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳೋಣ.

ಎರಡು ಹೊಳೆಯ ಸಂಗಮ

ಕನಕಪುರದವರಿಗೆ ಉಪಮಾನ ಹುಡುಕಬೇಕಾಗಿಲ್ಲ. ಅರ್ಕಾವತಿ ಹೋಗಿ ಕಾವೇರಿಗೆ ಸೇರುವ ಸಂಗಮ ಕಂಡಿದ್ದೀರಲ್ಲ? ಮೆಟಲ್‌ಕೋರ್ ಅಂದರೆ ಅದೇ. ಒಂದು ಹೊಳೆ ಹೆವಿ ಮೆಟಲ್. ಭಾರದ ಗಿಟಾರು, ವರ್ಷಗಟ್ಟಲೆ ಬೆರಳು ಸವೆಸಿ ಕಲಿತ ಕೈಚಳಕ. ಇನ್ನೊಂದು ಹೊಳೆ ಹಾರ್ಡ್‌ಕೋರ್ ಪಂಕ್. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಹುಟ್ಟಿದ್ದು. ಬ್ಲ್ಯಾಕ್ ಫ್ಲ್ಯಾಗ್, ಬ್ಯಾಡ್ ಬ್ರೈನ್ಸ್, ಮೈನರ್ ಥ್ರೆಟ್ ಇವೆಲ್ಲ ಅದರ ಹಿರಿಯಣ್ಣಂದಿರು. ಎರಡು ನಿಮಿಷದ ಹಾಡು, ಸಿಟ್ಟು ಜಾಸ್ತಿ, ಸಂಗೀತ ಪಾಠ ಕಮ್ಮಿ. ದೊಡ್ಡ ಸ್ಟುಡಿಯೋ ಬೇಡ, ದೊಡ್ಡ ಕಂಪನಿ ಬೇಡ, ನಮ್ಮ ಕೆಲಸ ನಾವೇ ಮಾಡ್ಕೋತೀವಿ ಅನ್ನೋ ಹಟ.

ಮೆಟಲ್ಲಿನ ಕೈ, ಪಂಕಿನ ಎದೆ ಎರಡೂ ಸೇರಿದಾಗ ಮೆಟಲ್‌ಕೋರ್ ಆಯಿತು. ಹಾಡಿನ ಕಟ್ಟು ಹೀಗಿರುತ್ತೆ: ಚರಣ ಪೂರ್ತಿ ಕಿರುಚಾಟ, ಪಲ್ಲವಿಗೆ ಬಂದಾಗ ಥಟ್ಟನೆ ರಾಗವಾಗಿ ಹಾಡುವುದು. ಗಿಟಾರಿನ ದಪ್ಪ ತಂತಿಯನ್ನು ಸಡಿಲಿಸಿ ಸ್ವರವನ್ನು ಕೆಳಕ್ಕೆ ಇಳಿಸಿರುತ್ತಾರೆ, ಸದ್ದು ಹೊಟ್ಟೆಗೇ ಬಂದು ಬಡಿಯುತ್ತೆ. ಆಮೇಲೆ ಬರುವುದೇ ಬ್ರೇಕ್‌ಡೌನ್. ಓಡುತ್ತಿದ್ದ ತಾಳ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದು ಆನೆ ಹೆಜ್ಜೆ ಇಡುತ್ತೆ. ಆಗ ನೋಡಬೇಕು ಜನರನ್ನು! ನಮ್ಮ ಕರಗದಲ್ಲಿ, ಜಾತ್ರೆಯಲ್ಲಿ ಓಡೋಡಿ ಹೊಡೆಯುತ್ತಿದ್ದ ತಮಟೆಯವನು ಒಂದು ಕ್ಷಣ ತಡೆದು ಭಾರವಾಗಿ ಪೆಟ್ಟು ಹಾಕುತ್ತಾನಲ್ಲ, ಕುಣಿಯುವವರ ಭುಜ ತಾನಾಗಿ ಎದ್ದು ಬೀಳುತ್ತಲ್ಲ, ಅದೇ ಗುಟ್ಟು. ಅವರು ಬ್ರೇಕ್‌ಡೌನ್ ಅಂತಾರೆ. ನಾವು ಹೆಸರಿಡದೇ ಕುಣೀತೀವಿ, ಅಷ್ಟೇ ವ್ಯತ್ಯಾಸ.

ಮೊದಲು ಈ ದಾರಿ ತುಳಿದವರು ಯಾರು? ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನ ಇಂಟೆಗ್ರಿಟಿ ಬ್ಯಾಂಡಿನ ಮೊದಲ ಆಲ್ಬಂ 1991ರಲ್ಲಿ ಬಂತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನ ಅರ್ಥ್ ಕ್ರೈಸಿಸ್ 1995ರಲ್ಲಿ 'ಡೆಸ್ಟ್ರಾಯ್ ದಿ ಮೆಷಿನ್ಸ್' ತಂದಿತು. ಈ ಅರ್ಥ್ ಕ್ರೈಸಿಸ್ ಹುಡುಗರ ವಿಷಯ ಕೇಳಿದರೆ ನಿಮ್ಮ ಯಜಮಾನರು ಬೆಚ್ಚಿ ಬೀಳ್ತಾರೆ. ಕುಡಿತ ಇಲ್ಲ, ಬೀಡಿ ಸಿಗರೇಟು ಇಲ್ಲ, ಮಾಂಸ ಇಲ್ಲ, ಹಾಲೂ ಇಲ್ಲ! ಕಿರುಚುವವರೆಲ್ಲ ಕೆಟ್ಟವರು ಅಂತ ತಿಳಿದವರು ಇದನ್ನು ಗಂಟು ಹಾಕಿಕೊಳ್ಳಲಿ. ಮ್ಯಾಸಚೂಸೆಟ್ಸ್ ರಾಜ್ಯದ ಕನ್ವರ್ಜ್ 1990ರಲ್ಲಿ ಹುಟ್ಟಿ, 2001ರಲ್ಲಿ 'ಜೇನ್ ಡೋ' ಎಂಬ ಆಲ್ಬಂ ಕೊಟ್ಟಿತು. ಇವತ್ತಿಗೂ ಬ್ಯಾಂಡು ಕಟ್ಟುವ ಹುಡುಗರು ಅದನ್ನು ಪಾಠದ ಹಾಗೆ ಕೇಳ್ತಾರೆ.

ಇಲ್ಲಿಯವರೆಗೂ ಪೀಠಿಕೆ. ಈಗ ವಿಷಯಕ್ಕೆ ಬರೋಣ.

ಇಪ್ಪತ್ತು ಹುಡುಗರು, ಒಂದು ಕೋಣೆ

ಮ್ಯಾಸಚೂಸೆಟ್ಸಿನ ದೊಡ್ಡ ನಗರ ಬಾಸ್ಟನ್. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ವೆಸ್ಟ್‌ಫೀಲ್ಡ್ ಎಂಬ ಊರು. ಜನಸಂಖ್ಯೆ 40 ಸಾವಿರದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ರಾಮನಗರದ್ದೇ 95 ಸಾವಿರ, ಲೆಕ್ಕ ಹಾಕಿ! ವೆಸ್ಟ್‌ಫೀಲ್ಡಿನ ಪಕ್ಕದಲ್ಲೇ ಸ್ಪ್ರಿಂಗ್‌ಫೀಲ್ಡ್. ಮಾಗಡಿಯಿಂದ ರಾಮನಗರಕ್ಕೆ ಹೋಗಿ ಬಂದ ಹಾಗೆ ಓಡಾಡುವ ಊರುಗಳು.

ಈ ಪುಟ್ಟ ಜಾಗದಿಂದ ಕಿಲ್‌ಸ್ವಿಚ್ ಎಂಗೇಜ್, ಶ್ಯಾಡೋಸ್ ಫಾಲ್, ಆಲ್ ದಟ್ ರಿಮೇನ್ಸ್ ಎಂಬ ಮೂರು ಬ್ಯಾಂಡುಗಳು ಎದ್ದು ಜಗತ್ತು ಸುತ್ತಿದವು. ಹೇಗೆ ಸಾಧ್ಯವಾಯ್ತು? ಒಬ್ಬೊಬ್ಬರ ಜಾತಕ ನೋಡಿ. ಓವರ್‌ಕಾಸ್ಟ್ ಅಂತ ಹಳೇ ಬ್ಯಾಂಡು ಒಂದಿತ್ತು. ಅದು ಒಡೆದಾಗ ಬೇಸ್ ಗಿಟಾರಿನ ಮೈಕ್ ಡಿ'ಆಂಟೋನಿಯೋ ಹೋಗಿ ಕಿಲ್‌ಸ್ವಿಚ್ ಎಂಗೇಜ್ ಕಟ್ಟಿದ, ಗಾಯಕ ಬ್ರಯಾನ್ ಫೇರ್ ಹೋಗಿ ಶ್ಯಾಡೋಸ್ ಫಾಲ್ ಸೇರಿದ. ಶ್ಯಾಡೋಸ್ ಫಾಲಿನಲ್ಲಿ ಅವನಿಗಿಂತ ಮುಂಚೆ ಹಾಡುತ್ತಿದ್ದ ಫಿಲ್ ಲಬಾಂಟ್ ಹೊರಬಂದು ಆಲ್ ದಟ್ ರಿಮೇನ್ಸ್ ಕಟ್ಟಿದ. ಆಫ್ಟರ್‌ಶಾಕ್ ಎಂಬ ಇನ್ನೊಂದು ಬ್ಯಾಂಡಿನ ಆಡಂ ಡಟ್ಕೀವಿಚ್ ಕಿಲ್‌ಸ್ವಿಚ್‌ಗೆ ಬಂದು ಮೊದಲು ಡ್ರಮ್ ಹೊಡೆದ, ಆಮೇಲೆ ಗಿಟಾರು ಹಿಡಿದ. ಅಷ್ಟೇ ಅಲ್ಲ, ರೆಕಾರ್ಡಿಂಗ್ ವಿದ್ಯೆಯನ್ನೂ ಕಲಿತ. ವೆಸ್ಟ್‌ಫೀಲ್ಡಿನಲ್ಲಿದ್ದ ಜಿಂಗ್ ಎಂಬ ಸ್ಟುಡಿಯೋ ಅವನ ಗರಡಿಮನೆಯಾಯಿತು. ಆಲ್ ದಟ್ ರಿಮೇನ್ಸ್, ಅನ್‌ಅರ್ಥ್ ಮೊದಲಾದ ನೆರೆಹೊರೆಯ ಬ್ಯಾಂಡುಗಳ ಆಲ್ಬಂಗಳನ್ನೂ ಅವನೇ ಮಾಡಿಕೊಟ್ಟ.

ಗಮನಿಸಿದಿರಾ? ಇಲ್ಲಿ ಒಬ್ಬ ಹೀರೋ ಇಲ್ಲ. ಒಂದಿಪ್ಪತ್ತು ಹುಡುಗರು. ಇವನು ಅಲ್ಲಿ, ಅವನು ಇಲ್ಲಿ. ಒಂದು ಒಡೆದರೆ ಎರಡು ಹುಟ್ಟಿತು. ನಾವು ಸಿನಿಮಾದವರು, ನಮಗೆ ಕಟೌಟಿಗೆ ಒಬ್ಬ ಬೇಕು, ಹಾಲು ಸುರಿಯಲು ಒಂದು ತಲೆ ಬೇಕು. ಬ್ಯಾಂಡಿನ ಲೋಕ ಹಾಗಲ್ಲ ಸ್ವಾಮಿ. ಅಲ್ಲಿ ಊರಿನ ಹುಡುಗರೆಲ್ಲ ಸೇರಿ ಒಂದು ಕೆರೆ ಇದ್ದ ಹಾಗೆ. ಬ್ಯಾಂಡುಗಳು ಆ ಕೆರೆಯಿಂದ ಹೊರಟ ಕಾಲುವೆಗಳು. ಕೆರೆ ತುಂಬಿದ್ದರೆ ಒಂದು ಕಾಲುವೆ ಮುಚ್ಚಿದರೂ ಇನ್ನೊಂದು ಹರಿಯುತ್ತೆ.

ಇದು ಅಮೆರಿಕದ ಕತೆ ಮಾತ್ರವೂ ಅಲ್ಲ. ಆಸ್ಟ್ರೇಲಿಯಾದ ಬೈರನ್ ಬೇ ಹತ್ತು ಸಾವಿರವೂ ತುಂಬದ ಕಡಲ ದಂಡೆಯ ಊರು. ಅಲ್ಲಿ 2003ರಲ್ಲಿ ಕೆಲವು ಹುಡುಗರು ಒಂದು ಮನೆಯಲ್ಲಿ ಅಭ್ಯಾಸ ಶುರು ಮಾಡಿದರು. ಆ ಮನೆಯಿದ್ದ ಬೀದಿಯ ಹೆಸರು ಪಾರ್ಕ್‌ವೇ ಡ್ರೈವ್. ಬ್ಯಾಂಡಿಗೂ ಅದೇ ಹೆಸರಿಟ್ಟರು! ಇವತ್ತು ಯುರೋಪಿನ ದೊಡ್ಡ ದೊಡ್ಡ ಉತ್ಸವಗಳಲ್ಲಿ ಆ ಬೀದಿಯ ಹೆಸರು ಕೂಗ್ತಾರೆ. ವೇಲ್ಸ್ ದೇಶದ ಬ್ರಿಜೆಂಡ್ ಇನ್ನೊಂದು ಸಣ್ಣ ಊರು. ಅಲ್ಲಿನ ಹುಡುಗರು 1998ರಲ್ಲಿ ಬೇರೆಯವರ ಹಾಡು ನುಡಿಸುತ್ತಾ ಶುರು ಮಾಡಿದರು, ನಮ್ಮ ಆರ್ಕೆಸ್ಟ್ರಾದವರ ಹಾಗೆ. 2003ರಲ್ಲಿ ಹೆಸರು ಬದಲಾಯಿಸಿ ಬುಲೆಟ್ ಫಾರ್ ಮೈ ವ್ಯಾಲೆಂಟೈನ್ ಆದರು. 2005ರ 'ದಿ ಪಾಯ್ಸನ್' ಆಲ್ಬಂ ಅವರನ್ನು ಊರಾಚೆಗೆ ಒಯ್ದಿತು.

ಮೇಲೇರಿದವರ ಪಾಡು

ಹೆಸರು ಬಂದ ಮೇಲೆ ಸುಖವೇ ಸುಖ ಅಂದುಕೊಂಡಿರಾ? ಕಿಲ್‌ಸ್ವಿಚ್ ಎಂಗೇಜ್ 2002ರಲ್ಲಿ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' ಆಲ್ಬಂ ತಂದು ಗೆದ್ದಿತು. ಗೆದ್ದ ವರ್ಷವೇ ಗಾಯಕ ಜೆಸ್ಸಿ ಲೀಚ್ ಬ್ಯಾಂಡ್ ಬಿಟ್ಟ. ಮನಸ್ಸು ಕುಸಿದಿತ್ತು, ಗಂಟಲು ಸೋತಿತ್ತು. ಹೋವರ್ಡ್ ಜೋನ್ಸ್ ಆ ಜಾಗಕ್ಕೆ ಬಂದ. 2004ರಲ್ಲಿ 'ದಿ ಎಂಡ್ ಆಫ್ ಹಾರ್ಟ್‌ಏಕ್' ಬಂತು. ಅದರ ಶೀರ್ಷಿಕೆ ಗೀತೆ ಅದೇ ವರ್ಷದ 'ರೆಸಿಡೆಂಟ್ ಈವಿಲ್: ಅಪೋಕ್ಯಾಲಿಪ್ಸ್' ಸಿನಿಮಾಕ್ಕೂ ಹೋಯಿತು, ಗ್ರ್ಯಾಮಿ ನಾಮನಿರ್ದೇಶನವನ್ನೂ ಪಡೆಯಿತು. 2012ರಲ್ಲಿ ಹೋವರ್ಡ್ ಹೊರಗೆ, ಜೆಸ್ಸಿ ಮತ್ತೆ ಒಳಗೆ! ಹತ್ತು ವರ್ಷದ ನಂತರ ಅಣ್ಣ ಮನೆಗೆ ಮರಳಿದ ಹಾಗೆ. 2018ರಲ್ಲಿ ಅವನ ಗಂಟಲಿಗೆ ಶಸ್ತ್ರಚಿಕಿತ್ಸೆಯೂ ಆಯಿತು.

ಅದಕ್ಕೇ ಹೇಳೋದು, ಕಿರುಚೋದೂ ಒಂದು ವಿದ್ಯೆ. ಕ್ಲೀನರ್ ಹುಡುಗ 'ಮಾಗ್ಡಿ ಮಾಗ್ಡಿ ಮಾಗ್ಡಿ' ಅಂತ ದಿನವಿಡೀ ಕೂಗಿ ಸಂಜೆಗೆ ಗೊಗ್ಗರಾಗುತ್ತಾನಲ್ಲ, ಅದು ಗಂಟಲಿನಿಂದ ಕೂಗಿದ ಫಲ. ಬಲ್ಲವರು ಉಸಿರನ್ನು ಹೊಟ್ಟೆಯಿಂದ ಒತ್ತಿ, ಗಂಟಲನ್ನು ಸಡಿಲ ಬಿಟ್ಟು, ಸದ್ದನ್ನು ಅಳತೆಯಲ್ಲಿ ಹೊರಡಿಸುತ್ತಾರೆ. ಕಲಿಯದೆ ನೆಗೆದರೆ ಆರು ತಿಂಗಳಲ್ಲಿ ದನಿ ಮುಗೀತು.

ಇಂಗ್ಲೆಂಡಿನ ಬ್ರೈಟನ್‌ನಲ್ಲಿ 2004ರಲ್ಲಿ ಹುಟ್ಟಿದ ಆರ್ಕಿಟೆಕ್ಟ್ಸ್ ಕತೆ ಕೇಳಿದರೆ ಎದೆ ಭಾರವಾಗುತ್ತೆ. ಕಟ್ಟಿದವರು ಡ್ಯಾನ್ ಮತ್ತು ಟಾಮ್ ಸರ್ಲ್ ಎಂಬ ಅವಳಿ ಅಣ್ಣತಮ್ಮಂದಿರು. ಒಬ್ಬ ಡ್ರಮ್, ಇನ್ನೊಬ್ಬ ಗಿಟಾರು. ಹಾಡುಗಳ ಬೆನ್ನೆಲುಬು ಟಾಮ್. ಅವನಿಗೆ ಚರ್ಮದ ಕ್ಯಾನ್ಸರ್. 2016ರ ಆಗಸ್ಟಿನಲ್ಲಿ, ಬರೀ 28ನೇ ವಯಸ್ಸಿನಲ್ಲಿ ಹೋಗಿಬಿಟ್ಟ. ಒಡಹುಟ್ಟಿದವನು ಕೂತ ಜಾಗ ಖಾಲಿ. ಬ್ಯಾಂಡು ಮುಗೀತು ಅಂದರು ಜನ. ಉಳಿದವರು ಎರಡು ವರ್ಷ ತಡೆದುಕೊಂಡು, ಟಾಮ್ ಬಿಟ್ಟುಹೋದ ಚೂರುಗಳನ್ನೂ ಸೇರಿಸಿ 2018ರಲ್ಲಿ 'ಹೋಲಿ ಹೆಲ್' ತಂದರು. ಅವರ 2021ರ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು. ಕಿರುಚಾಟ ಅಂದರೆ ಬರೀ ಸಿಟ್ಟಲ್ಲ, ಅಳಲಾಗದವನ ಅಳುವೂ ಹೌದು ಅಂತ ಅವರನ್ನು ಕೇಳಿದವರಿಗೆ ಗೊತ್ತು.

ಎಲ್ಲರ ಕತೆಯೂ ಹೀಗೆ ಗೌರವದ್ದಲ್ಲ. ಸ್ಯಾನ್ ಡಿಯಾಗೋದ ಆಸ್ ಐ ಲೇ ಡೈಯಿಂಗ್ ಬ್ಯಾಂಡಿನ ಗಾಯಕ ಟಿಮ್ ಲ್ಯಾಂಬೆಸಿಸ್ ಹೆಂಡತಿಯನ್ನು ಕೊಲ್ಲಿಸಲು ಸುಪಾರಿ ಕೊಡಲು ಹೋಗಿ 2013ರಲ್ಲಿ ಸಿಕ್ಕಿಬಿದ್ದ. 2014ರಲ್ಲಿ ತಪ್ಪೊಪ್ಪಿಕೊಂಡ, ಆರು ವರ್ಷದ ಶಿಕ್ಷೆಯಾಯಿತು. ಅಭಿಮಾನಿ ಮಿತ್ರರೇ, ಹಾಡನ್ನು ಪ್ರೀತಿಸೋದು ಬೇರೆ, ಹಾಡಿದವನನ್ನು ದೇವರು ಮಾಡೋದು ಬೇರೆ. ಸಿನಿಮಾದಲ್ಲಿ ಕಲಿಯದ ಪಾಠವನ್ನು ಇಲ್ಲಾದರೂ ಕಲಿಯೋಣ.

ನಮ್ಮವರು ಏನು ಮಾಡಿದ್ದಾರೆ?

ಗಬ್ಬರ್‌ನಿಂದ ಶುರು ಮಾಡಿದೆವಲ್ಲ, ಅವನ ದಾಯಾದಿಗಳೂ ಈ ಲೋಕದಲ್ಲಿದ್ದಾರೆ. ಮುಂಬೈಯಲ್ಲಿ 2005ರಲ್ಲಿ ಹುಟ್ಟಿದ ಸ್ಕ್ರೈಬ್ ಎಂಬ ಬ್ಯಾಂಡು 2010ರ ಆಲ್ಬಂಗೆ 'ಮಾರ್ಕ್ ಆಫ್ ತೇಜಾ' ಅಂತ ಹೆಸರಿಟ್ಟಿತು. 'ಅಂದಾಜ್ ಅಪ್ನಾ ಅಪ್ನಾ'ದ ಪರೇಶ್ ರಾವಲ್ ನೆನಪಾಯಿತೇ? 2014ರ ಆಲ್ಬಂ 'ಹೇಲ್ ಮೊಗ್ಯಾಂಬೊ'. ಮೊಗ್ಯಾಂಬೊ ಯಾರು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ! ಹೊರಗಿನಿಂದ ಬಂದ ಸಂಗೀತಕ್ಕೆ ಮನೆಯ ಖಳನಾಯಕರನ್ನು ಕೂರಿಸಿದರು, ಹುಡುಗರು ಮುಗಿಬಿದ್ದರು. ದಿಲ್ಲಿಯ ಬ್ಲಡಿವುಡ್ 2016ರಲ್ಲಿ ಹುಟ್ಟಿ, ಢೋಲು ತುಂಬಿ ಹಿಡಿದು ಹಿಂದಿ, ಪಂಜಾಬಿಯಲ್ಲೂ ಹಾಡಿತು. 2019ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ದೇವ್ ಪಟೇಲ್ ನಿರ್ದೇಶಿಸಿದ 2024ರ 'ಮಂಕಿ ಮ್ಯಾನ್' ಚಿತ್ರದಲ್ಲೂ ಅವರ ಹಾಡು ಇದೆ.

ಬೆಂಗಳೂರು ಹಿಂದೆ ಬಿದ್ದಿಲ್ಲ. 1998ರಲ್ಲಿ ನೋಲನ್ ಲೂಯಿಸ್, ಗಣೇಶ್ ಕೃಷ್ಣಸ್ವಾಮಿ ಸೇರಿ ಕ್ರಿಪ್ಟೋಸ್ ಕಟ್ಟಿದರು. ಇದು ಮೆಟಲ್‌ಕೋರ್ ಅಲ್ಲ, ಹಳೇ ಮಾದರಿಯ ಶುದ್ಧ ಹೆವಿ ಮೆಟಲ್. 2010ರಲ್ಲಿ ಯುರೋಪ್ ಸುತ್ತಿದರು, 2013ರಲ್ಲಿ ವಾಕನ್ ವೇದಿಕೆ ಹತ್ತಿದರು. ಗಣೇಶ್ ಮುಂದೆ ಬೇರೊಂದು ಬ್ಯಾಂಡಿಗೆ ದನಿಯಾದರು. ಅದರ ಹೆಸರು 'ಬೇವರ್ ಸೀ'. ಇಂಗ್ಲಿಷಿನಲ್ಲಿ ಬರೆದರೆ ಯಾವುದೋ ಸಮುದ್ರ, ಬಾಯಿಬಿಟ್ಟು ಹೇಳಿದರೆ ಅಪ್ಪಟ ನಮ್ಮ ಬೈಗುಳ! ನೋಡಿ, ಇಲ್ಲೂ ಒಂದು ಬ್ಯಾಂಡಿನಿಂದ ಇನ್ನೊಂದು. ಮೆಟಲ್‌ಕೋರೇ ಬೇಕೆಂದರೆ ಬೆಂಗಳೂರಿನ ಫೈನಲ್ ಸರೆಂಡರ್ ಇದೆ. ಅವರ 'ಎಂಪ್ಟಿ ಗ್ರೇವ್ಸ್' ಆಲ್ಬಂ 2013ರದು.

ಹೊರಗಿನವರೂ ಬಂದರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ. 2012ರಿಂದ ಬೆಂಗಳೂರು ಓಪನ್ ಏರ್ ಉತ್ಸವ. 2024ರ ನವೆಂಬರಿನಲ್ಲಿ ಬ್ಯಾಂಡ್‌ಲ್ಯಾಂಡ್ ಉತ್ಸವಕ್ಕೆ ಕ್ಯಾಲಿಫೋರ್ನಿಯಾದ ಅವೆಂಜ್ಡ್ ಸೆವೆನ್‌ಫೋಲ್ಡ್ ಬಂತು. ಮೆಟಲ್‌ಕೋರ್‌ನಿಂದಲೇ ಹೊರಟು, 2005ರ 'ಸಿಟಿ ಆಫ್ ಈವಿಲ್' ಹೊತ್ತಿಗೆ ಕಿರುಚಾಟ ಇಳಿಸಿ ರಾಗ ಹಿಡಿದ ಬ್ಯಾಂಡದು. 2009ರ ಕೊನೆಗೆ ಅವರ ಡ್ರಮ್ಮರ್ 'ದಿ ರೆವ್' 28ನೇ ವಯಸ್ಸಿಗೇ ತೀರಿಕೊಂಡ. ಆದರೂ ಅವರು ನಿಲ್ಲಲಿಲ್ಲ.

ನಾಲ್ಕು ಊರು ಸೇರಿದರೆ...

ಎಲ್ಲ ಸರಿ, ನಮ್ಮ ಕತೆ ಏನು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಬೆಂಗಳೂರಿನಿಂದ ಐವತ್ತು ಅರವತ್ತು ಕಿಲೋಮೀಟರ್. ನೋಡಲು ಹತ್ತಿರ, ಬ್ಯಾಂಡಿಗೆ ದೂರ. ಕಾರ್ಯಕ್ರಮ ಕಳೆಗಟ್ಟುವ ಹೊತ್ತಿಗೆ ನಮ್ಮ ಹುಡುಗನಿಗೆ ಕೊನೇ ಬಸ್ಸಿನ ಚಿಂತೆ. ಅರ್ಧ ಕೇಳಿ, ಅರ್ಧ ಬಿಟ್ಟು ಓಡಿಬರಬೇಕು. ಗಿಟಾರು ಕೊಂಡವನಿಗೆ ಡ್ರಮ್ಮಿನವನು ಸಿಗೋಲ್ಲ, ಡ್ರಮ್ ಬಲ್ಲವನಿಗೆ ಮನೆಯಲ್ಲಿ ಜಾಗ ಇಲ್ಲ. ಕೊನೆಗೆ 'ಇದೆಲ್ಲ ನಮ್ಮಂಥವರಿಗಲ್ಲ ಬಿಡ್ಲಾ' ಅಂತ ಗಿಟಾರು ಅಟ್ಟ ಸೇರುತ್ತೆ.

ಆ ಮಾತನ್ನು ಒಪ್ಪಲು ನನ್ನ ಮನಸ್ಸು ಬರೋಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನು ನಾನು. 'ನಮ್ಮಂಥವರಿಗಲ್ಲ' ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ವೆಸ್ಟ್‌ಫೀಲ್ಡಿನವರ ಬಳಿ ಇದ್ದದ್ದು ಏನು? ಹತ್ತಿರದ ಊರುಗಳು, ಒಂದಿಪ್ಪತ್ತು ಹುಡುಗರು, ಒಂದು ಕೋಣೆ. ನಮ್ಮಲ್ಲಿ ಮೊದಲ ಎರಡು ಈಗಾಗಲೇ ಇವೆ.

ತಾಳ ನಮಗೆ ಹೊಸದೇ? ರಾಮನಗರದ ಹೆದ್ದಾರಿ ಪಕ್ಕದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಒಳಗೆ ಹೋಗಿ ಚರ್ಮವಾದ್ಯಗಳನ್ನು ನೋಡಿ ಬನ್ನಿ. ಪೂಜಾ ಕುಣಿತದ ಪೆಟ್ಟು ಕೇಳಿ ಬೆಳೆದ ಹುಡುಗನಿಗೆ ಡ್ರಮ್ ಹೇಳಿಕೊಡುವುದು ಎಷ್ಟು ಹೊತ್ತಿನ ಕೆಲಸ? ಭಾಷೆಯ ಅಳುಕೂ ಬೇಡ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಅಣ್ಣಾವ್ರು ಇಂಗ್ಲಿಷಿನಲ್ಲೇ ಹಾಡಿದರು, ನಾವು ಶಿಳ್ಳೆ ಹೊಡೆದೆವು. ಹಾಗೆಯೇ ಇಂಗ್ಲಿಷಿನ ಸದ್ದಿಗೆ ಕನ್ನಡ ಏಕೆ ಕೂರಬಾರದು? ರಘು ದೀಕ್ಷಿತ್ ಗಿಟಾರಿನ ಜೊತೆ ಶಿಶುನಾಳ ಷರೀಫರನ್ನು ಹಾಡಿ ಲಂಡನ್ನಿನವರನ್ನೂ ಕುಣಿಸಲಿಲ್ಲವೇ? 2018ರಲ್ಲಿ 'ಕೆಜಿಎಫ್' ಸದ್ದು ದೇಶವನ್ನೇ ನಡುಗಿಸಿತಲ್ಲ, ಆ ಸದ್ದಿನ ರವಿ ಬಸ್ರೂರು ಕುಂದಾಪುರದ ಪಕ್ಕದ ಹಳ್ಳಿಯವರು. ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು, ಊರಲ್ಲೇ ಸ್ಟುಡಿಯೋ ಕಟ್ಟಿದರು.

ಉಳಿದದ್ದು ಆ ಮೂರನೆಯದು, ಕೋಣೆ. ಖಾಲಿ ಬಿದ್ದ ರೇಷ್ಮೆಗೂಡಿನ ಗೋದಾಮು ಆಗಬಹುದು, ಚನ್ನಪಟ್ಟಣದ ಬೊಂಬೆ ಕಾರ್ಖಾನೆಯ ಹಿಂದಿನ ಶೆಡ್ಡು ಆಗಬಹುದು, ಕಲ್ಯಾಣ ಮಂಟಪದ ಅಡುಗೆಮನೆಯೇ ಆಗಬಹುದು. ಗೋಡೆಗೆ ಹಳೇ ಹಾಸಿಗೆ ಬಡಿಯಿರಿ, ರಾತ್ರಿ ಹತ್ತಕ್ಕೆ ನಿಲ್ಲಿಸಿ. ಕಾನೂನೂ ಅದನ್ನೇ ಹೇಳುತ್ತೆ, ಪಕ್ಕದ ಮನೆಯ ಅಜ್ಜಿಯೂ ಅದನ್ನೇ ಹೇಳ್ತಾಳೆ. ಆರ್ಕೆಸ್ಟ್ರಾದ ಡ್ರಮ್ ಹಗಲು ಸುಮ್ಮನೆ ಕೂತಿರುತ್ತೆ, ಬಾಡಿಗೆಗೆ ಕೇಳಿ. ಮಾಗಡಿಯ ಗಿಟಾರಿನವನು, ಕನಕಪುರದ ಡ್ರಮ್ಮಿನವನು, ಚನ್ನಪಟ್ಟಣದ ಗಂಟಲು, ರಾಮನಗರದ ಬೇಸು... ಒಂದೊಂದೇ ಊರು ಸಾಲದು, ನಾಲ್ಕು ಸೇರಿದರೆ ಕೆರೆ ತುಂಬುತ್ತೆ. ಮೊದಲ ಬ್ಯಾಂಡು ಒಡೆದೇ ಒಡೆಯುತ್ತೆ. ಒಡೆಯಲಿ ಬಿಡಿ! ಅದರಿಂದ ಎರಡು ಹುಟ್ಟಲಿ.

ಹೊಟ್ಟೆಪಾಡಿಗೆ ಇದನ್ನೇ ನಂಬಬೇಡಿ, ಅದನ್ನೂ ಹೇಳಿಬಿಡ್ತೀನಿ. ಹಗಲಿಗೊಂದು ಕೆಲಸ ಇರಲಿ. ಇಲ್ಲಿ ಸಿಗೋದು ಕಾಸಲ್ಲ. ಆದರೆ ನಾಲ್ಕು ಜನ ಒಂದೇ ಪೆಟ್ಟಿಗೆ ಒಟ್ಟಿಗೆ ಬಿದ್ದಾಗ ಎದೆಯಲ್ಲಿ ಏನೋ ಒಂದು ಏಳುತ್ತಲ್ಲ, ಅದಕ್ಕೆ ಟಿಕೆಟ್ ಇಲ್ಲ, ಬ್ಲ್ಯಾಕ್‌ನಲ್ಲೂ ಸಿಗೋಲ್ಲ.

ಗಬ್ಬರ್ 'ಕಿತನೇ ಆದ್ಮಿ' ಅಂತ ಲೆಕ್ಕ ಕೇಳಿದ್ದು ಇದೇ ಬಂಡೆಗಳ ಮೇಲೆ. ಈಗ ನಾನೂ ಕೇಳ್ತಿದ್ದೀನಿ, ಎಷ್ಟು ಜನ ಇದ್ದೀರ್ರೋ? ಇಪ್ಪತ್ತು ಸಾಕು.

ಬರಲಾ? ಮುಂದಿನ ವಾರ ಮತ್ತೆ ಸಿನಿಮಾ ಮಾತು.